ತಪ್ಪಿಸಿಕೊಂಡ ಕ್ರೇಟುಗಳು

ಅವರ ಬಲಗೈಯ ನಾಲ್ಕು ಬೆರಳುಗಳ ಒಳಮಗ್ಗುಲಲ್ಲಿ, ಒಂದೇ ಸಾಲಿಗೆ, ಹುಣಸೆ ಬೀಜದಂಥ ನಾಲ್ಕು ಜಡ್ಡುಗಳಿದ್ದವು. ಹಾಲಿನ ಕ್ರೇಟಿನ ಹಿಡಿಯೊಳಗೆ ಬೆರಳು ತೂರಿಸಿ ವರ್ಷಗಟ್ಟಲೆ ಎತ್ತಿ ಇಳಿಸಿದ್ದರಿಂದ ಎದ್ದ ಜಡ್ಡುಗಳು. ಬೆರಳ ತುದಿಗಳು ಮಾತ್ರ ಬೇರೆ ಯಾರದೋ ಕೈಯಿಂದ ತಂದು ಅಂಟಿಸಿದಂತೆ ಬಿಳಿಚಿಕೊಂಡು, ಸುಕ್ಕುಗಟ್ಟಿ, ಸದಾ ತೇವವಾಗಿರುತ್ತಿದ್ದವು. ಆ ಕೈಯನ್ನು ನಾನು ಅವರ ಮುಖಕ್ಕಿಂತ ಹೆಚ್ಚು ನೋಡಿದ್ದೇನೆ. ಬೂತಿನ ಕಿಂಡಿ ಅಷ್ಟು ತಗ್ಗಿನಲ್ಲಿತ್ತು. ಮುಖ ಕಾಣಬೇಕಾದರೆ ಸೊಂಟ ಬಗ್ಗಿಸಬೇಕು. ಅರ್ಧ ಲೀಟರು ಹಾಲಿಗಾಗಿ ಅಷ್ಟು ಬಗ್ಗುವುದು ನಿವೃತ್ತ ಸರ್ಕಾರಿ ನೌಕರನ ಘನತೆಗೆ ಕುಂದು ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ.

ಬಡಾವಣೆಯವರಿಗೆಲ್ಲ ಅವರು ಹಾಲಿನಮ್ಮ. ಹಿರೇಗುಂಟನೂರಿನ ಕಡೆ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿ, ಮದುವೆಯಾಗಿ ಚಿತ್ರದುರ್ಗಕ್ಕೆ ಬಂದು, ಬಂದ ಕೆಲವೇ ವರ್ಷಗಳಲ್ಲಿ ಗಂಡನನ್ನು ಕಳೆದುಕೊಂಡು, ಯಾರೋ ಪುಣ್ಯಾತ್ಮರ ಓಡಾಟದಿಂದ ಡೇರಿಯ ಬೂತೊಂದನ್ನು ಪಡೆದು ಅದರೊಳಗೆ ಕೂತವರು. ಕೂತವರು ಎನ್ನುವುದು ಮಾತಿಗೆ. ಅವರು ಕೂತದ್ದನ್ನು ಕಂಡವರು ಕಡಮೆ. ಮಕ್ಕಳಿರಲಿಲ್ಲ. ಮಾಡದಕೆರೆಗೆ ಕೊಟ್ಟ ಒಬ್ಬ ತಂಗಿ ಇದ್ದರು. ಅಷ್ಟೇ ಬಳಗ.

ನನ್ನ ಬಳಗ ಅದಕ್ಕಿಂತಲೂ ಸಂಕ್ಷಿಪ್ತ. ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿ ಹೊಳಲ್ಕೆರೆಯಲ್ಲಿ ಆರಂಭಿಸಿ, ಹೊಸದುರ್ಗದಲ್ಲಿ ನಡುವಯಸ್ಸು ಮುಟ್ಟಿ, ಹಿರಿಯೂರಿನಲ್ಲಿ ಕೂದಲು ಕಳೆದುಕೊಂಡು, ನಿವೃತ್ತಿಯ ಹೊತ್ತಿಗೆ ದುರ್ಗ ಸೇರಿದೆ. ರಾಜರ ದಿಗ್ವಿಜಯಗಳನ್ನು ಜೀವನವಿಡೀ ಬೋಧಿಸಿದ ನನ್ನ ಸ್ವಂತ ದಿಗ್ವಿಜಯ ಜಿಲ್ಲೆಯ ಗಡಿ ದಾಟಲಿಲ್ಲ. ಬ್ರಹ್ಮಚರ್ಯವನ್ನು ನಾನು ಕೈಗೊಂಡದ್ದಲ್ಲ, ಅದೇ ನನ್ನನ್ನು ಕೈಗೊಂಡಿತು, ಆಮೇಲೆ ಬಿಡಲಿಲ್ಲ. ಇಡೀ ದಿನದಲ್ಲಿ ನಾನು ಬಾಯಿಬಿಟ್ಟು ಆಡಿದ ಮಾತು ‘ಅರ್ಧ ಲೀಟರು’ ಎಂಬುದೊಂದೇ ಆಗಿರುತ್ತಿದ್ದ ದಿನಗಳಿದ್ದವು. ಆ ಮಾತನ್ನು ನಾನು ಸ್ಪಷ್ಟವಾಗಿ, ಒಳ್ಳೆಯ ಉಚ್ಚಾರಣೆಯಲ್ಲಿ ಆಡುತ್ತಿದ್ದೆ.

ನನ್ನ ಬಾಡಿಗೆ ಮನೆ ನೆಲಮಹಡಿಯದು. ಮಾಲೀಕರು ಅದನ್ನು ತಂಪಾದ ಮನೆ ಎಂದು ವರ್ಣಿಸಿ ಕೊಟ್ಟಿದ್ದರು. ಆ ತಂಪನ್ನು ನನಗಿಂತ ಮೊದಲೇ ಮೆಚ್ಚಿ ಗೆದ್ದಲುಗಳು ಅಲ್ಲಿ ನೆಲೆಸಿದ್ದ ಸಂಗತಿಯನ್ನು ಅವರು ವರ್ಣನೆಯಲ್ಲಿ ಸೇರಿಸಿರಲಿಲ್ಲ. ಒಂದು ಬೆಳಗ್ಗೆ ಪುಸ್ತಕದ ಕಪಾಟಿನ ಕೆಳಹಲಗೆಗೆ ಕೈಯಿಟ್ಟರೆ ಬಿಸ್ಕತ್ತಿನಂತೆ ಮುರಿಯಿತು. ಗೆದ್ದಲುಗಳು ಪ್ರಾಚೀನ ಭಾರತವನ್ನು ಮುಗಿಸಿ ಮಧ್ಯಯುಗಕ್ಕೆ ಕಾಲಿಟ್ಟಿದ್ದವು. ಉಳಿದ ಪುಸ್ತಕಗಳನ್ನು ಮಂಚದ ಮೇಲೆ ಹೇರಿ, ನಾನು ನೆಲದ ಮೇಲೆ ಮಲಗಿ, ಇನ್ನು ಈ ಮನೆಗೆ ಮರದ ಸಾಮಾನು ಕೂಡದೆಂಬ ತೀರ್ಮಾನಕ್ಕೆ ಬಂದೆ.

ಆಗ ನನ್ನ ಕಣ್ಣಿಗೆ ಹಾಲಿನ ಕ್ರೇಟು ಬಿತ್ತು. ಬಿತ್ತು ಅಂದರೆ, ಒಮ್ಮೆ ಬಿದ್ದ ಮೇಲೆ ಬೇರೇನೂ ಬೀಳಲೇ ಇಲ್ಲ. ಬಡಾವಣೆಯ ತುಂಬ ಅವೇ. ಒಬ್ಬರ ಮನೆಯಲ್ಲಿ ತುಳಸಿ ಕುಂಡದ ಕೆಳಗೆ, ಇನ್ನೊಬ್ಬರಲ್ಲಿ ಈರುಳ್ಳಿಗೆ, ಮತ್ತೊಬ್ಬರಲ್ಲಿ ಸ್ನಾನದ ಪೀಠವಾಗಿ. ಗೆದ್ದಲು ತಿನ್ನದು, ನೀರಿಗೆ ಊದದು, ಆನೆ ನಿಂತರೂ ಬಗ್ಗದು. ಇಷ್ಟು ಮಂದಿ ಇಟ್ಟುಕೊಂಡಿದ್ದಾರೆಂದ ಮೇಲೆ ಸಿಗುವ ದಾರಿಯೂ ಸುಲಭವಿರಬೇಕೆಂದು ಊಹಿಸಿ, ಮಾರನೆಯ ದಿನ ಬೂತಿನ ಕಿಂಡಿಗೆ ಮೊದಲ ಬಾರಿ ಬಗ್ಗಿದೆ. ಕಿಂಡಿಯಾಚೆ ಅಗಲವಾದ, ಶಾಂತವಾದ, ಅಷ್ಟೇನೂ ಉತ್ಸಾಹವಿಲ್ಲದ ಮುಖವೊಂದಿತ್ತು. ನಾಲ್ಕಾರು ಹಳೆಯ ಕ್ರೇಟು ಬೇಕಿತ್ತು, ಬೆಲೆ ಎಷ್ಟೆಂದು ಕೇಳಿದೆ.

“ಅವು ಡೇರಿವು ರೀ,” ಎಂದರು. “ನನ್ನವಾಗಿದ್ರೆ ಸುಮ್ನೆ ತಗಂಡೋಗ್ರಿ ಅಂತಿದ್ದೆ.”

ಊರೆಲ್ಲ ಇಟ್ಟುಕೊಂಡಿದೆಯಲ್ಲ ಎಂದೆ. ಇಟ್ಕಂಡಿರೋರನ್ನ ಕೇಳ್ರಿ ಎಂದು ಹಾಲು ಮುಂದೆ ತಳ್ಳಿದರು.

ಹಾಗಾಗಿ ನನ್ನ ಅನ್ವೇಷಣೆ ಆರಂಭವಾಯಿತು. ಪೇಟೆಯ ಪ್ಲಾಸ್ಟಿಕ್ ಅಂಗಡಿಯಲ್ಲಿ ಗಿಳಿಹಸಿರು ಬಣ್ಣದ ಒಂದನ್ನು ಕೊಂಡೆ. ಅದು ನೋಡಲು ಕ್ರೇಟಿನಂತೆಯೇ ಇತ್ತು. ನನ್ನ ದಪ್ಪ ನಿಘಂಟನ್ನು ಇಟ್ಟ ಮಧ್ಯಾಹ್ನವೇ ತಳ ಬಿಟ್ಟಿತು. ಹಣ್ಣಿನ ವ್ಯಾಪಾರಿಯೊಬ್ಬ ಮೋಸಂಬಿ ತುಂಬುವ ಪೆಟ್ಟಿಗೆ ಕೊಟ್ಟ. ಅದು ಮರದ್ದು, ಗೆದ್ದಲಿಗೆ ನಾನೇ ಬುತ್ತಿ ಕಟ್ಟಿಕೊಟ್ಟಂತಾಗುತ್ತಿತ್ತು. ಕೊನೆಗೆ ಹಳೆಯ ಸಹೋದ್ಯೋಗಿಯೊಬ್ಬರ ಮನೆಯ ಗೃಹಪ್ರವೇಶಕ್ಕೆಂದು ಹೊಸದುರ್ಗಕ್ಕೆ ಹೋದಾಗ, ಸಂತೆಯ ಮೂಲೆಯಲ್ಲಿ ಒಬ್ಬಾತ ಅಸಲಿ ಡೇರಿ ಕ್ರೇಟುಗಳನ್ನೇ ಗುಡ್ಡೆ ಹಾಕಿ ಮಾರುತ್ತಿದ್ದ. ನಾನು ಆಗಲೇ ಕೊಳ್ಳಲಿಲ್ಲ, ಆದರೆ ಕೊಳ್ಳುವ ಮನಸ್ಸು ಮಾಡಿ ಬಂದು ಹಾಲಿನಮ್ಮನಿಗೆ ಸುದ್ದಿ ಹೇಳಿದೆ. ನನಗೆ ಸುದ್ದಿ ಹೇಳಲು ಬೇರೆ ಯಾರೂ ಇರಲಿಲ್ಲವೆಂಬುದನ್ನೂ ಇಲ್ಲಿ ದಾಖಲಿಸಬೇಕು.

“ಮೈ ಮ್ಯಾಲೆ ಡೇರಿ ಹೆಸರಿತ್ತಾ?” ಎಂದು ಕೇಳಿದರು.

ಇತ್ತು ಎಂದೆ.

“ಹಂಗಾರೆ ಅವು ತಪ್ಪಿಸ್ಕಂಡ್ ಬಂದಿರವು ಮೇಷ್ಟ್ರೆ. ಮಾರಾಕೆ ಬಂದಿರವಲ್ಲ.”

ಆಮೇಲೆ, ಗಿರಾಕಿಗಳಿಲ್ಲದ ಹೊತ್ತಾದ್ದರಿಂದ, ವಿವರಿಸಿದರು. ಅವರ ತವರಿನಲ್ಲಿ ಒಂದೊಂದು ಮನೆಯವರು ತಮ್ಮ ಕುರಿಗಳ ಕಿವಿಯನ್ನು ಒಂದೊಂದು ರೀತಿ ಕತ್ತರಿಸಿ ಗುರುತು ಮಾಡುತ್ತಾರೆ. ಆ ಗುರುತಿರುವ ತನಕ ಕುರಿ ಯಾರ ರೊಪ್ಪದಲ್ಲಿ ಮಲಗಿದರೂ ತನ್ನ ಮನೆಯದೇ. ಕ್ರೇಟಿಗೆ ಕಿವಿಯಿಲ್ಲ, ಅದಕ್ಕೆ ಹೊಟ್ಟೆಯ ಮೇಲೆ ಹೆಸರು ಕೆತ್ತಿರುತ್ತಾರೆ. ಸೀಳು ಬಿಟ್ಟ, ಮೂಲೆ ಮುಕ್ಕಾದ ಕ್ರೇಟನ್ನು ಡೇರಿಯವರೇ ಮಂದೆಯಿಂದ ಹೊರಗೆ ಹಾಕುವಾಗ ಕಾಯಿಸಿದ ಕಬ್ಬಿಣದಿಂದ ಆ ಹೆಸರನ್ನು ಸುಟ್ಟುಬಿಡುತ್ತಾರೆ. ಹೆಸರು ಸುಟ್ಟದ್ದು ಯಾರಾದರೂ ಕೊಳ್ಳಬಹುದು. ಅಂಥವನ್ನು ಒಟ್ಟಿಗೆ ಹಿಡಿಯುವ ಗುಜರಿಯವನೊಬ್ಬ ಹಿರಿಯೂರಿನಲ್ಲಿದ್ದಾನೆ. ಹೋಗಿ, ಕಣ್ಣಾರೆ ಆರಿಸಿ, ಸೀಳು ಮೇಲಂಚಿಗಿದ್ದರೆ ಪರವಾಗಿಲ್ಲ, ತಳಕ್ಕಿದ್ದರೆ ಬಿಟ್ಟು, ತರಬೇಕು. ಇಷ್ಟು ದೀರ್ಘವಾಗಿ ನನ್ನೊಡನೆ ಯಾರೂ ಆ ವರ್ಷ ಮಾತಾಡಿರಲಿಲ್ಲ. ಹಾಲು ಬಿಸಿಲಿಗೆ ಒಡೆಯುವ ತನಕ ಅಲ್ಲೇ ನಿಂತಿದ್ದೆ.

ಹಿರಿಯೂರಿನ ಗುಜರಿಯವನು ಮುಳ್ಳುತಂತಿ, ಟೈರು, ಮುರಿದ ಕುರ್ಚಿಗಳ ಸಾಮ್ರಾಜ್ಯದ ನಡುವೆ ಗಂಭೀರವಾಗಿ ಕೂತಿದ್ದ. ಕ್ರೇಟು ಕೋಳಿಗಾ ಎಂದು ಕೇಳಿದ. ಪುಸ್ತಕಕ್ಕೆ ಎಂದೆ. “ಪುಸ್ತಕನೂ ಮೊಟ್ಟೆ ಇಕ್ತಾವಾ ಯಜಮಾನ್ರೆ?” ಎಂದು ಒಂದು ಕ್ಷಣ ನನ್ನನ್ನು ಕರುಣೆಯಿಂದ ನೋಡಿ, ತಾನೇ ಎದ್ದು ಬಂದು ಒಂದೊಂದನ್ನೂ ಬೋರಲು ಹಾಕಿ ಮೇಲೆ ಹತ್ತಿ ಕುಣಿದು ತೋರಿಸಿದ. ಆರಿಸಿದವನ್ನು ಹಗ್ಗದಿಂದ ಬಿಗಿದು ಬಸ್ಸಿಗೆ ತಂದರೆ ಕಂಡಕ್ಟರ್ ಇದು ಹಾಲೋ ಲಗೇಜೋ ಎಂಬ ಜಿಜ್ಞಾಸೆಗೆ ಬಿದ್ದ. ಐಮಂಗಲದಲ್ಲಿ ಹತ್ತಿದ ಹೆಂಗಸೊಬ್ಬಳು ಸೀಟಿಲ್ಲದೆ ನನ್ನ ಕ್ರೇಟಿನ ಮೇಲೆ ಕೂತು ದುರ್ಗದವರೆಗೂ ಬಂದಳು. ಇಳಿಯುವಾಗ “ಬೋ ಗಟ್ಟಿ ಐತೆ” ಎಂದು ಯೋಗ್ಯತಾಪತ್ರ ಕೊಟ್ಟಳು.

ಅವನ್ನು ನೇರ ಬೂತಿನ ಮುಂದೆ ಇಳಿಸಿದೆ. ಹಾಲಿನಮ್ಮ ಹೊರಗೆ ಬಂದರು. ಅವರು ನನ್ನ ಭುಜಕ್ಕೂ ಬರದಷ್ಟು ಗಿಡ್ಡವೆಂದು ಆ ದಿನವೇ ಗೊತ್ತಾದದ್ದು. ಒಂದೊಂದು ಕ್ರೇಟನ್ನೂ ತಿರುಗಿಸಿ, ಹೆಸರು ಸುಟ್ಟ ಜಾಗದ ಉಬ್ಬುತಗ್ಗಿನ ಮೇಲೆ ಬೆರಳಾಡಿಸಿದರು. “ಇವು ನಿಮ್ಮವು. ಯಾರೂ ಕೇಳಂಗಿಲ್ಲ,” ಎಂದರು. ನನ್ನ ಅರವತ್ತು ಚಿಲ್ಲರೆ ವರ್ಷಗಳಲ್ಲಿ ಯಾರೂ ಯಾವುದನ್ನೂ ಇಷ್ಟು ಖಚಿತವಾಗಿ ನನ್ನದೆಂದು ಘೋಷಿಸಿರಲಿಲ್ಲ.

ಅಲ್ಲಿಂದ ಮುಂದೆ ನಾನು ಹಾಲಿಗೆ ಹೋಗುವ ಸಮಯವನ್ನು ಗಿರಾಕಿಗಳು ಕರಗುವ ಹೊತ್ತಿಗೆ ಬದಲಾಯಿಸಿಕೊಂಡೆ. ಬೂತಿನ ಪಕ್ಕದಲ್ಲಿ ಒಂದು ಚಪ್ಪಡಿ ಇತ್ತು. ಕ್ರೇಟಿನ ಮೇಲೆ ಕೂರಲು ಅವರು ಯಾರಿಗೂ ಬಿಡುತ್ತಿರಲಿಲ್ಲ. ಮಕ್ಕಳು ಕುಡಿಯುವ ಹಾಲು ಬರುವ ಜಾಗದಲ್ಲಿ ನಿಮ್ಮ ಕುಂಡೆ ಯಾಕೆ ಎಂದು ಒಮ್ಮೆ ಪೊಲೀಸಿನವರೊಬ್ಬರನ್ನೇ ಎಬ್ಬಿಸಿದ್ದರು. ನಾನು ಚಪ್ಪಡಿಯ ಮೇಲೆ, ಅವರು ಕಿಂಡಿಯಾಚೆ. ನಮ್ಮ ಮಾತುಕತೆಯಲ್ಲಿ ಲೋಕಕ್ಕೆ ಉಪಯೋಗವಾಗುವಂಥದ್ದೇನೂ ಇರಲಿಲ್ಲ. ಮೋಡ ಯಾವ ಕಡೆ ಹೋಯಿತು, ಯಾರ ಮನೆಯಲ್ಲಿ ಇವತ್ತು ಒಂದು ಲೀಟರು ಜಾಸ್ತಿ ಹೋಯಿತು, ಅಂದರೆ ನೆಂಟರು ಬಂದಿರಬೇಕು, ಇಂಥವು. ಬಡಾವಣೆಯ ಎಲ್ಲ ಸಂಸಾರಗಳ ಏರುಪೇರನ್ನು ಅವರು ಪಾಕೀಟುಗಳಲ್ಲಿ ಬಲ್ಲವರಾಗಿದ್ದರು. ಆದರೆ ಒಂದು ಮನೆಯ ಹೊಸ್ತಿಲನ್ನೂ ದಾಟಿದವರಲ್ಲ. ಅವರ ಜಗತ್ತಿಗೆ ಜನ ಬರುತ್ತಿದ್ದರು, ಅವರು ಹೋಗುತ್ತಿರಲಿಲ್ಲ.

ಹೀಗೆ ಇರುವಾಗ ಅವರ ಮಂಡಿಗಳು ರಾಜೀನಾಮೆ ಕೊಟ್ಟವು. ಡಾಕ್ಟರು ಭಾರ ಎತ್ತಬಾರದೆಂದರು. ಬೂತನ್ನು ಡೇರಿಗೆ ಒಪ್ಪಿಸಿ ಮಾಡದಕೆರೆಗೆ, ತಂಗಿಯ ಮನೆಗೆ ಹೋಗುವುದೆಂದಾಯಿತು. ಅವರಿಗೆ ಅದರ ದುಃಖ ಅಷ್ಟಿರಲಿಲ್ಲ, ಅಥವಾ ತೋರಿಸಲಿಲ್ಲ. ಅವರನ್ನು ತಿನ್ನುತ್ತಿದ್ದುದು ಒಂದೇ ಸಂಗತಿ. ವರ್ಷಗಳಲ್ಲಿ ಡೇರಿಯ ಕ್ರೇಟುಗಳು ಕೆಲವು ಬಡಾವಣೆಯೊಳಗೆ ಚದುರಿಹೋಗಿದ್ದವು. ಮದುವೆಗೆ, ನಾಮಕರಣಕ್ಕೆ, ಹನ್ನೊಂದನೆಯ ದಿನಕ್ಕೆ ಎಂದು ಜನ ಹಾಲನ್ನು ಕ್ರೇಟಿನ ಸಮೇತ ಹೊತ್ತೊಯ್ದು, ನಾಳೆ ತಂದುಕೊಡುತ್ತೇವೆಂದು ಹೇಳಿ, ಆ ನಾಳೆಯನ್ನು ಮರೆತಿದ್ದರು. ಎಷ್ಟು ಎಂದು ಕೇಳಿದಾಗ ಎರಡೂ ಕೈ ಬಿಡಿಸಿ ತೋರಿಸಿ, “ಮ್ಯಾಲೊಂದು” ಎಂದರು. ಯಾವುದು ಯಾರ ಮನೆಯಲ್ಲಿದೆಯೆಂದೂ ಗೊತ್ತಿತ್ತು.

“ಮಂದಿ ಒಪ್ಪಿಸಿಕೊಟ್ಟ ಮಂದೆ ಮೇಷ್ಟ್ರೆ. ಪೂರಾ ತಿರುಗಿ ಹೊಡಕಂಡ್ ಹೋಗಿ ನಿಲ್ಲಿಸ್ಬೇಕು. ಹನ್ನೊಂದು ತಿಂದ್ಕಂಡ್ ಹೋದ್ಳು ಅನ್ನಿಸ್ಕಂಡ್ ಊರು ಬಿಡಾಕಾಗಲ್ಲ.”

ಹೋಗಿ ಕೇಳಿದರಾಯಿತಲ್ಲ ಎಂದೆ. ಅವರು ನನ್ನನ್ನು ನೋಡಿದ ನೋಟದಿಂದ ನಾನು ಏನೋ ಅಸಭ್ಯ ಮಾತಾಡಿದ್ದೇನೆಂದು ತಿಳಿಯಿತು. ಅವರಲ್ಲಿ ಕೇಳುವ ಪದ್ಧತಿಯಿಲ್ಲ. ನಮ್ಮ ಕುರಿ ಇನ್ನೊಬ್ಬರ ರೊಪ್ಪದಲ್ಲಿ ಇದೆಯೆಂದು ಗೊತ್ತಾದರೆ ಅವರ ಮನೆಗೆ ಹೋಗಿ ಜಗಲಿಯ ಮೇಲೆ ಕೂರಬೇಕು. ನೀರು ಕುಡಿಯಬೇಕು. ಮಳೆ, ಮೇವು ಮಾತಾಡಬೇಕು. ಕುರಿಯ ಸುದ್ದಿ ಎತ್ತಬಾರದು. ಎತ್ತಿದರೆ ಎದುರಿನವರನ್ನು ಕಳ್ಳರೆಂದ ಹಾಗೆ. ಬಂದವರು ಯಾಕೆ ಬಂದರೆಂದು ಮನೆಯವರಿಗೆ ತಿಳಿಯುತ್ತದೆ. ನಮ್ಮಲ್ಲೊಂದು ಹೊಸ ಮುಖ ಸೇರಿಕೊಂಡಿದೆ ನೋಡಿ ಎಂದು ಅವರೇ ಹೊರಗೆ ಬಿಡುತ್ತಾರೆ. ಹೀಗೆ ಬಿಡದವರನ್ನು ತಾನು ಕಂಡೇ ಇಲ್ಲವೆಂದರು ಹಾಲಿನಮ್ಮ.

ಬಡಾವಣೆಯವರ ಬಗ್ಗೆ ನನಗೆ ಸಂದೇಹಗಳಿದ್ದವು. ಆದರೆ ಮರುದಿನ ಸಂಜೆ ಅವರು ಒಗೆದ ಸೀರೆಯುಟ್ಟು, ಹೂ ಮುಡಿಯದ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದು “ಹೋಗಾಣ ಬರ್ರಿ” ಎಂದರು. ಕ್ರೇಟು ಸಿಕ್ಕರೆ ಹೊರಲು ಒಬ್ಬರು ಬೇಕಿತ್ತು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದೆ. ಏಕೆಂದು ಗೊತ್ತಿಲ್ಲ.

ಮೊದಲ ಮನೆ ನಿವೃತ್ತ ಎಂಜಿನಿಯರರದು. ಟೀವಿಯೇ ಕ್ರೇಟಿನ ಮೇಲೆ ಕೂತಿತ್ತು. ಮೇಲೊಂದು ಕಸೂತಿ ಬಟ್ಟೆ ಹೊದಿಸಿದ್ದರೂ ಡೇರಿಯ ಹೆಸರು ಕೆಳಗೆ ಇಣುಕುತ್ತಿತ್ತು. ಎಂಜಿನಿಯರರ ಹೆಂಡತಿಗೆ ಆಶ್ಚರ್ಯ, ಸಂತೋಷ. ಹಾಲಿನಮ್ಮ ಬಂದಿದ್ದಾರೆಂದು ಗಂಡನನ್ನು ಕೂಗಿದರು. “ಕುಂತ್ಕಳ್ರಿ, ಕುಂತ್ಕಳ್ರಿ” ಎಂದು ಸೋಫಾ ಒರೆಸಿದರು. ಹಾಲಿನಮ್ಮ ಟೀವಿಗೆ ಎದುರಾಗಿ ಕೂತು ನೀರು ಕುಡಿದರು. ಈ ಸಲ ಹಿಂಗಾರು ಹೇಗೋ ಎಂದರು. ಎಂಜಿನಿಯರರು ಹವಾಮಾನದ ಬಗ್ಗೆ ವಿಸ್ತಾರವಾಗಿ ಮಾತಾಡಿದರು. ಮೇವಿಗೆ ಕಷ್ಟವಾಗಬಹುದು ಎಂದರು ಹಾಲಿನಮ್ಮ. ಹೌದು ಪಾಪ ಎಂದರು ಎಂಜಿನಿಯರರ ಹೆಂಡತಿ. ಕಾಫಿ ಬಂತು, ಚಕ್ಕುಲಿ ಬಂತು, ಮಗಳ ಹೆರಿಗೆಯ ಫೋಟೋಗಳು ಬಂದವು. ಕ್ರೇಟು ಬರಲಿಲ್ಲ. ಬಾಗಿಲಲ್ಲಿ ಕುಂಕುಮದ ಬಟ್ಟಲು ಹಿಡಿದವರು ಹಾಲಿನಮ್ಮನ ಬರಿ ಹಣೆ ನೋಡಿ ಕೈ ಹಿಂದೆಗೆದರು. ಆಮೇಲೆ ಒಂದು ಬಾಳೆಹಣ್ಣು ಕೊಟ್ಟರು. ಬೀದಿಗೆ ಬಂದ ಮೇಲೆ ಹಾಲಿನಮ್ಮ ಆ ಹಣ್ಣನ್ನು ಸೆರಗಿಗೆ ಕಟ್ಟಿಕೊಂಡು, “ನಾಳೆ ನೆನಪಾಗ್ತೈತೆ ಅವರಿಗೆ” ಎಂದರು.

ಹೀಗೆ ಕೆಲವು ಸಂಜೆಗಳು ನಡೆದವು. ಎಲ್ಲರಿಗೂ ಸಂತೋಷವೇ. ಅಷ್ಟು ವರ್ಷ ಕೈ ಮಾತ್ರ ಕಂಡವರಿಗೆ ಇಡೀ ಮನುಷ್ಯಳು ಬಂದು ಕೂತದ್ದು ಒಂದು ವಿಶೇಷವಾಗಿತ್ತು. ನಮಗೆ ಕಾಫಿ, ಮಂಡಕ್ಕಿ, ಒಂದು ಕಡೆ ಒಬ್ಬಟ್ಟೂ ಸಿಕ್ಕಿತು. ಕೈ ಮಾತ್ರ ಬರಿದು. ಕೊನೆಗೊಂದು ಮನೆಯಲ್ಲಿ ನನ್ನ ತಾಳ್ಮೆ ತಪ್ಪಿ, ಆ ಚಪ್ಪಲಿ ಇಟ್ಟಿರುವ ಕ್ರೇಟು ಬೂತಿನದು, ಕೊಟ್ಟರೆ ಒಯ್ಯುತ್ತೇವೆ ಎಂದು ಹೇಳಿಯೇಬಿಟ್ಟೆ. ಆ ಮನೆಯಾಕೆ ಕೆಂಪಗಾಗಿ ಚಪ್ಪಲಿಗಳನ್ನು ನೆಲಕ್ಕೆ ಸುರಿದು ಕೊಟ್ಟಳು. ಹಾಲಿನಮ್ಮ ತಿರುವು ದಾಟುವವರೆಗೆ ನನ್ನಿಂದ ನಾಲ್ಕು ಹೆಜ್ಜೆ ಮುಂದೆಯೇ ನಡೆದರು.

“ಆಯಮ್ಮನ್ನ ಕಳ್ಳಿ ಮಾಡಿ ಬಂದ್ರಲ್ಲ ಮೇಷ್ಟ್ರೆ,” ಎಂದರು ಆಮೇಲೆ. “ನಾಳೆಯಿಂದ ಹಾಲಿಗೆ ಬರಾಕೆ ಮಕ ಇರ್ತೈತಾ ಅದಕ್ಕೆ?”

ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವನಿಗೆ ಒಂದು ವಿದ್ಯೆ ಗೊತ್ತು: ನೇರವಾಗಿ ಹೇಳಲಾಗದ್ದನ್ನು ಕಥೆ ಮಾಡುವುದು. ಮುಂದಿನ ಭೇಟಿ ಹಿಟ್ಟಿನ ಗಿರಣಿಯವನಲ್ಲಿಗೆ. ಅವನು ಕ್ರೇಟಿನ ಮೇಲೆಯೇ ಕೂತು ರಾಗಿ ಬೀಸುತ್ತಿದ್ದ. ಹಾಲಿನಮ್ಮ ಮಳೆ, ಮೇವು ಮುಗಿಸಿದ ಮೇಲೆ ನಾನು ಗಂಟಲು ಸರಿಮಾಡಿಕೊಂಡು, ಇವರ ಕಡೆ ಒಂದು ಸೊಗಸಾದ ಪದ್ಧತಿಯಿದೆ ಎಂದು ಕುರಿಯ ವೃತ್ತಾಂತವನ್ನು ಒಬ್ಬ ಇತಿಹಾಸಕಾರನಿಗೆ ತಕ್ಕ ನಿರ್ಲಿಪ್ತತೆಯಿಂದ ನಿರೂಪಿಸಿದೆ. ಗಿರಣಿಯವನು ಮೆಚ್ಚಿ ತಲೆಯಾಡಿಸಿದ. ಆಡಿಸುತ್ತ ಆಡಿಸುತ್ತ ನಿಧಾನವಾದ. ತನ್ನ ಕಾಲುಗಳ ನಡುವೆ ಬಗ್ಗಿ ನೋಡಿಕೊಂಡ. ಆಮೇಲೆ ಎದ್ದುನಿಂತ.

“ಅಲ್ಲಮ್ಮ, ಇದು ನಿಮ್ದಾ? ಒಂದ್ ಮಾತು ಕೇಳಬಾರದಾ?”

“ಕೇಳಂಗಿಲ್ಲ ಕಣಪ್ಪ,” ಎಂದರು ಹಾಲಿನಮ್ಮ. ಅವರ ಮುಖದಲ್ಲಿ ನಾನು ಕಂಡ ಮೊದಲ ನಗು ಅದು. ಮುಂದಿನ ಹಲ್ಲೊಂದು ಇರಲಿಲ್ಲ.

ಗಿರಣಿಯೆಂದರೆ ಸುದ್ದಿಯ ತವರು. ಎರಡು ದಿನದಲ್ಲಿ ಕಥೆ ನಮಗಿಂತ ಮುಂದೆ ಓಡಿತು. ನಾವು ಬೀದಿಗೆ ಕಾಲಿಡುವ ಹೊತ್ತಿಗೆ ಕ್ರೇಟುಗಳು ತೊಳೆಸಿಕೊಂಡು, ಒರೆಸಿಕೊಂಡು, ಗೇಟಿನ ಹೊರಗೆ ಕಾದು ನಿಂತಿರುತ್ತಿದ್ದವು. ಎಂಜಿನಿಯರರ ಟೀವಿ ಗೋಡೆ ಹತ್ತಿತ್ತು. ಕೆಲಸ ಬಹಳ ಸಲೀಸಾಯಿತು. ಆದರೆ ಈಗ ಯಾರೂ ಒಳಗೆ ಕರೆಯಲಿಲ್ಲ. ಬಂದ ಕಾರಣ ಹೊರಗೇ ಇದ್ದ ಮೇಲೆ ಒಳಗೇನು ಕೆಲಸ? ಕಿಟಕಿಯಿಂದ ಒಂದು ಕೈ ಬೀಸುತ್ತಿದ್ದರು, ಬಾಗಿಲು ಹಾಗೇ ಇರುತ್ತಿತ್ತು. ಒಂದು ಗೇಟಿನ ಮುಂದೆ ಹಾಲಿನಮ್ಮ ಕ್ರೇಟನ್ನು ಮುಟ್ಟದೆ ಸುಮಾರು ಹೊತ್ತು ನಿಂತರು. ಸೆರಗು ಸರಿಮಾಡಿಕೊಂಡರು. ಒಳಗೆ ಟೀವಿಯ ಧಾರಾವಾಹಿಯಲ್ಲಿ ಯಾರೋ ಅಳುತ್ತಿದ್ದರು. “ಎತ್ಕಳ್ರಿ ಮೇಷ್ಟ್ರೆ” ಎಂದರು ಕೊನೆಗೆ. ಮರುದಿನದಿಂದ ಅವರು ಒಗೆದ ಸೀರೆಯುಡಲಿಲ್ಲ.

ಉಳಿದದ್ದು ಒಂದು. ದರ್ಜಿಯವರ ಮನೆಯದು. ಅಂಗಡಿ ಮನೆಯ ಮುಂಭಾಗದಲ್ಲೇ. ಹಿಂದಿನ ಕೋಣೆಯಲ್ಲಿ ದರ್ಜಿಯ ತಾಯಿ. ಕಥೆ ಅವರ ಮನೆಗೆ ತಲುಪಿರಲಿಲ್ಲವೋ, ತಲುಪಿದರೂ ಮಗ ಸುಮ್ಮನಿದ್ದನೋ, ಗೇಟಿನ ಹೊರಗೆ ಏನೂ ಇರಲಿಲ್ಲ. ಒಳಗೆ ಕರೆದರು. ಆ ಅಜ್ಜಿಯ ಮಂಚ ಹಳೆಯ ಕಾಲದ್ದು, ಎತ್ತರದ್ದು. ಅದರ ಪಕ್ಕ ನಮ್ಮ ಕ್ರೇಟು ಬೋರಲು ಬಿದ್ದಿತ್ತು, ಮೇಲೊಂದು ಗೋಣಿತಾಟು ಹಾಸಿತ್ತು. ಯಾರು ಬಂದದ್ದೆಂದು ಅಜ್ಜಿ ಕೇಳಿದರು. ಹಾಲಿನವಳು ಎಂದರು ಹಾಲಿನಮ್ಮ. ಅಜ್ಜಿ ಒಂದು ಕಾಲನ್ನು ತಡಕಾಡಿ ಕ್ರೇಟಿನ ಮೇಲಿಟ್ಟು, ಇನ್ನೊಂದನ್ನಿಟ್ಟು, ಹಾಲಿನಮ್ಮನ ಭುಜ ಹಿಡಿದು, ಮೆಲ್ಲನೆ ನೆಲಕ್ಕಿಳಿದರು. ಇಳಿದು, ಅವರ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ತೆಗೆದುಕೊಂಡು ಜಡ್ಡುಗಳನ್ನು ಮುಟ್ಟಿ ನೋಡಿ, “ಎಷ್ಟು ದುಡಿದೀಯವ್ವ” ಎಂದರು. ಹಾಲಿನಮ್ಮ ನೀರು ಕುಡಿದರು. ಮಳೆಯ ಮಾತಾಡಲಿಲ್ಲ. ನಾನು ಕಥೆಗೆ ಗಂಟಲು ಸರಿಮಾಡಿಕೊಂಡಾಗ ನನ್ನ ಕಡೆ ಒಮ್ಮೆ ನೋಡಿದರು. ನಾನು ಕೆಮ್ಮಿದಂತೆ ಮಾಡಿ ಸುಮ್ಮನಾದೆ.

ಹೊರಗೆ ಬಂದು, “ಅದು ಅಲ್ಲೇ ಇರ್ಲಿ” ಎಂದರು.

ಬೂತು ಒಪ್ಪಿಸುವ ಹಿಂದಿನ ದಿನ ಅವರು ನನ್ನ ಮನೆಗೆ ಬಂದರು. ಎಲ್ಲರ ಮನೆ ನೋಡಿದೆ, ನಿಮ್ಮದೊಂದು ಉಳೀತು ಎಂದರು. ನನ್ನಲ್ಲಿ ಕೊಡಲು ಕಾಫಿ ಬಿಟ್ಟರೆ ಬೇರೇನೂ ಇರಲಿಲ್ಲ. ಅದೂ ಅವರದೇ ಹಾಲು. ಕ್ರೇಟುಗಳನ್ನು ಗೋಡೆಗುಂಟ ಬಾಯಿ ಮುಂದಾಗಿ ಪೇರಿಸಿ, ಒಂದಕ್ಕೊಂದು ತಂತಿಯಿಂದ ಬಿಗಿದು ಪುಸ್ತಕ ಜೋಡಿಸಿದ್ದನ್ನು ನೋಡಿದರು. ಅಲುಗಾಡಿಸಿ ಪರೀಕ್ಷಿಸಿದರು.

“ಇಷ್ಟೂ ಯಾರು ಓದ್ತಾರೆ?”

ನಾನೇ ಎಂದೆ.

“ಆಮ್ಯಾಲೆ?”

ನಾನು ಸಕ್ಕರೆ ಸಾಕೇ ಎಂದು ಕೇಳಿದೆ. ಸಾಕು ಎಂದರು. ನಾವಿಬ್ಬರೂ ಕಾಫಿ ಕುಡಿದೆವು. ಆ ಮನೆಯಲ್ಲಿ ಎರಡು ಲೋಟ ಒಟ್ಟಿಗೆ ಬಳಕೆಯಾದದ್ದು ಅಪರೂಪ. ಒಂದು ಸ್ಟೀಲಿನದು, ಇನ್ನೊಂದು ಶೇವಿಂಗಿನದು. ಶೇವಿಂಗಿನದನ್ನು ನಾನು ತೆಗೆದುಕೊಂಡಿದ್ದೆ.

ಬೆಳಗ್ಗೆ ಡೇರಿಯ ವ್ಯಾನು ಬಂತು. ಡ್ರೈವರು ಖಾಲಿ ಕ್ರೇಟುಗಳನ್ನು ಎಂದಿನಂತೆ ದಬದಬ ಒಳಗೆ ಎಸೆಯಲು ಶುರುಮಾಡಿದ. ಎಣಿಸು ಎಂದರು ಹಾಲಿನಮ್ಮ. “ಯಾರಮ್ಮ ಎಣಿಸ್ತಾರೆ ಇವನ್ನ” ಎಂದ ಅವನು. ಎಣಿಸಿಕೊಳ್ಳದೆ ವ್ಯಾನು ಬಿಡುವುದಿಲ್ಲವೆಂದು ಅವರು ಚಕ್ರದ ಮುಂದೆ ನಿಂತರು. ಎಣಿಸಿದ. ಒಂದು ಕಡಮೆ ಬಂತು. ಮುಂದಿನ ಬೂತಿನದೊಂದು ಇದರಲ್ಲಿ ಹಾಕಿಕೊಂಡರಾಯಿತು ಬಿಡಿ ಎಂದ, ಒಳ್ಳೆಯ ಮನಸ್ಸಿನವನು. ನಾನು ಓಡಿಹೋಗಿ ನನ್ನದೊಂದನ್ನು ತರುತ್ತೇನೆಂದೆ. ಇಬ್ಬರಿಗೂ ಬೇಡವೆಂದರು. ನನ್ನದರ ಹೆಸರು ಹೋಗಿದೆ, ಅದು ಅಲ್ಲಿಗೆ ಸೇರುವುದಿಲ್ಲ. ಇನ್ನೊಬ್ಬರದು ಇನ್ನೊಬ್ಬರದು.

“ಒಂದು ಕಮ್ಮಿ ಐತೆ ಅಂತ ಹೇಳಪ್ಪ ಅಲ್ಲಿ,” ಎಂದರು. “ಎಲ್ಲೈತೆ ಗೊತ್ತೈತೆ, ಬರ್ತೈತೆ ಅಂತ ಹೇಳು.”

ಆಮೇಲೆ ನನ್ನ ಕಡೆ ತಿರುಗಿ, ಆ ಅಜ್ಜಿ ಇರುವ ತನಕ ಇರಲಿ, ಆಮೇಲೆ ಬಂದರೆ ನೀವು ಡೇರಿಗೆ ಸೇರಿಸಿ ಎಂದರು. ಗಂಟು ಎತ್ತಿಕೊಂಡು, ಮಾಡದಕೆರೆಗೆ ಹೋಗಲು, ಹೊಸದುರ್ಗದ ಬಸ್ಸು ಹತ್ತಿದರು. ನಾನು ಕೈ ಎತ್ತಿದೆ. ಕಿಟಕಿ ಅವರಿಗೆ ಎತ್ತರವಾಗಿತ್ತು, ಕಂಡಿರಲಾರದು.

ಬೂತು ಬೇರೊಬ್ಬರಿಗೆ ಹೋಗಿ, ಬೇಕರಿಯೂ ಮೊಬೈಲು ರೀಚಾರ್ಜೂ ಆಯಿತು. ಚಪ್ಪಡಿ ಇದ್ದ ಜಾಗದಲ್ಲಿ ಫ್ರಿಜ್ಜು ಬಂತು. ಹಾಲಿನಮ್ಮ ಆಗೀಗ ತಂಗಿಯ ಮಗನ ಫೋನಿನಿಂದ ಕರೆ ಮಾಡುತ್ತಿದ್ದರು. ನಮ್ಮ ಸಂಭಾಷಣೆ ತಂತಿ ಸಂದೇಶದಷ್ಟೇ ಉದ್ದ. ಬಂತಾ ಎನ್ನುವರು. ಇಲ್ಲ ಎನ್ನುವೆನು. ಅಜ್ಜಿ ಚೆನ್ನಾಗೈತಾ ಎನ್ನುವರು. ಚೆನ್ನಾಗಿದ್ದಾರೆ ಎನ್ನುವೆನು. “ಒಳ್ಳೇದಾತು ಬಿಡ್ರಿ” ಎಂದು ಇಟ್ಟುಬಿಡುವರು. ಆಮೇಲೆ ಕರೆಗಳು ನಿಂತವು. ಫೋನಿಗೆ ದುಡ್ಡು ಹಾಕಿಸಿಲ್ಲವೆಂದುಕೊಂಡೆ. ಒಂಟಿಯಾಗಿರುವವನು ಕಾರಣಗಳನ್ನು ಬಹಳ ಚೆನ್ನಾಗಿ ಕಲ್ಪಿಸಬಲ್ಲ.

ಬೇಸಿಗೆಯ ಕೊನೆಗೆ ದರ್ಜಿ ಒಂದು ದಿನ ನನ್ನ ಬಾಗಿಲಿಗೆ ಬಂದ. ತಲೆ ಬೋಳಿಸಿದ್ದ. ಕೈಯಲ್ಲಿ ಕ್ರೇಟಿತ್ತು. ಗಿರಣಿಯಲ್ಲಿ ಎಂದೋ ಕೇಳಿದ್ದೆ ಸಾರ್, ಅವ್ವ ಇರೋ ತನಕ ಅಂತ ಸುಮ್ಮನಿದ್ದೆ ಎಂದ. ಹಾಲಿನಮ್ಮನಿಗೂ ಅದು ಗೊತ್ತಿತ್ತು ಎಂದು ಹೇಳಿ ಅವನನ್ನು ಕೂರಿಸಿ ನೀರು ಕೊಟ್ಟೆ.

ಅವನು ಹೋದ ಮೇಲೆ ಮಾಡದಕೆರೆಗೆ ಫೋನು ಮಾಡಿದೆ. ಬಂತು ಎಂದು ಹೇಳಬೇಕಿತ್ತು. ತಂಗಿಯ ಮಗ ಎತ್ತಿದ. ದೊಡ್ಡಮ್ಮ ತೀರಿಕೊಂಡು ತಿಂಗಳ ಮೇಲಾಯಿತು ಎಂದ. ನಿದ್ದೆಯಲ್ಲೇ ಹೋದರಂತೆ. ತಾವು ಯಾರು ಎಂದು ಕೇಳಿದ. ಮೇಷ್ಟ್ರು ಎಂದೆ. ಯಾವ ಮೇಷ್ಟ್ರು ಎಂದ. ಅವನ ತಪ್ಪಿಲ್ಲ. ಯಾರಿಗೆ ತಿಳಿಸಬೇಕೆಂಬ ಪಟ್ಟಿಯಲ್ಲಿ ನಾನು ಬರುವ ಯಾವ ಸಾಲೂ ಇರಲಿಲ್ಲ.

ಕ್ರೇಟನ್ನು ಒಂದು ದಿನ ಇಟ್ಟುಕೊಂಡೆ. ತೊಳೆದೆ. ಮಾರನೆಯ ದಿನ ಆಟೋದಲ್ಲಿ ಊರ ಹೊರಗಿನ ಡೇರಿಗೆ ಒಯ್ದೆ. ಗೇಟಿನ ಕಾವಲುಗಾರನಿಗೆ ನನ್ನನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಕ್ರೇಟು ಒಯ್ಯುವವರನ್ನು ಹಿಡಿಯಲು ಅವನನ್ನು ಇಟ್ಟಿದ್ದರು, ತರುವವರ ಬಗ್ಗೆ ಯಾರೂ ಹೇಳಿರಲಿಲ್ಲ. ಅಲ್ಲೇ ಇಟ್ಟು ಹೋಗಿ ಎಂದ. ಇಟ್ಟು ಹೋಗುವುದಿಲ್ಲ, ಒಳಗೆ ಸೇರಿದ್ದನ್ನು ನೋಡಿ ಹೋಗುತ್ತೇನೆ ಎಂದೆ. ಬಿಸಿಲಿತ್ತು. ನನ್ನ ತಲೆ ನೋಡಿ ಅವನಿಗೆ ಕನಿಕರವಾಗಿರಬೇಕು, ಒಳಗಿನವರನ್ನು ಕೂಗಿದ. ಒಬ್ಬ ಬಂದು ಕ್ರೇಟನ್ನು ಎತ್ತಿಕೊಂಡು ಹೋಗಿ, ಮನೆಯೆತ್ತರ ಪೇರಿಸಿದ್ದ ರಾಶಿಯ ತುದಿಗೆ ಇಟ್ಟ.

ಯಾರ ಕಡೆಯದು ಎಂದು ಹೇಳಲಿ ಎಂದು ಕಾವಲುಗಾರ ಕೇಳಿದ. ನಾನು ಹಾಲಿನಮ್ಮನ ಹೆಸರು ಹೇಳಿದೆ. ಬೂತಿನ ಬಾಗಿಲ ಮೇಲೆ ಮಾಸಿದ ಬಣ್ಣದಲ್ಲಿ ದಿನಾ ಓದಿ ಗೊತ್ತಿದ್ದ ಹೆಸರು. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

“ನೀವು ಅವರಿಗೆ ಏನಾಗ್ಬೇಕು?”

ರಾಶಿಯ ತುದಿಯನ್ನು ಇನ್ನೊಮ್ಮೆ ನೋಡಿದೆ.

“ಹಾಲು ತಗೊಳ್ತಿದ್ದೆ,” ಎಂದೆ.